ಹುಳಿ

ತಾಲ್ಸಿಯ ಆಚೆಯ ಈ ಹೊಲಕ್ಕೆ ಅಪ್ಪ ಸುಣ್ಣ ಸುರಿದಿದ್ದ,
ಸಾಮೂಹಿಕ ಬೇಸಾಯದ ಕಾಲದಲ್ಲಿ, ಬೀಟ್‌ರೂಟಿಗೆಂದು,
ಮೇಲಿನವರ ಮಾತಿನಂತೆ, ಟ್ರ್ಯಾಕ್ಟರಿನ ಹಿಂದೆ ಬೆಳ್ಳಗೆ ಕೆಮ್ಮುತ್ತ.
ಈಗ ಮಗಳು ಸ್ಕೈದ್ರೀತೆ ಗಂಧಕ ಎರಚುತ್ತಾಳೆ.
ಬ್ಲೂಬೆರಿಗೆ ಹುಳಿ ಮಣ್ಣೇ ಆಗಬೇಕು.
ಹುಳಿ ಹಿಂಡುವುದೂ ಒಂದು ಕಸುಬು,
ವರ್ಷ ಹಿಡಿಯುತ್ತದೆ.

ಟ್ರಾಲಿ ತುಂಬ ಜೌಗಿನ ಕಪ್ಪು ಮಣ್ಣು,
ಪೈನ್ ತೊಗಟೆ, ಗರಗಸದ ಹೊಟ್ಟು,
ಗೇಣೆತ್ತರದ ಏರುಮಡಿ.
ವಿಸ್ವಾಲ್ಡಿಸ್ ಪರೀಕ್ಷೆಯ ಕಾಗದ ಅದ್ದಿ, ಬಿಸಿಲಿಗೆ ಹಿಡಿದು
'ಇನ್ನೂ ನಿನ್ನಪ್ಪ ಇದ್ದಾನೆ ಇದರಲ್ಲಿ' ಎನ್ನುತ್ತಾನೆ.

ನೆಟ್ಟ ಮೇಲೆ ಎರಡನೇ ವಸಂತ.
ಮೊಣಕಾಲೆತ್ತರದ ಅರವತ್ತು ಗಿಡ,
ತಲೆ ತಗ್ಗಿಸಿದ ಪುಟ್ಟ ಗಂಟೆಗಳಂಥ ಹೂ.
ಎಲ್ಲ ಚಿವುಟಬೇಕು. ಬೇರು ಮೊದಲು, ಹಣ್ಣು ಆಮೇಲೆ.
ಏಳು ವರ್ಷದ ಮದರಾ ಸಾಲು ಹಿಡಿದು ಕೂತಳು,
ಚಿವುಟಿದ್ದನ್ನೆಲ್ಲ ಜೇಬಿಗೆ ತುಂಬುತ್ತ,
ದುಂಬಿಯ ಕ್ಷಮೆ ಕೇಳುತ್ತ.

ಜುಲೈಯಲ್ಲಿ ಕಂಡಿತು, ಬೇಲಿಯ ಕಡೆಯ ಗಿಡದಲ್ಲಿ
ಎಲೆಮರೆಗೆ ಒಂದೇ ಹಣ್ಣು,
ಬೂದಿ ಸವರಿದಂಥ ನೀಲಿ.
ಕಣ್ತಪ್ಪಿ ಉಳಿಯಿತೋ, ಬೇಕೆಂದೇ ಬಿಟ್ಟಳೋ,
ಯಾರೂ ಕೇಳಲಿಲ್ಲ.

ಚಾಕುವಿನಲ್ಲಿ ಮೂರು ಹೋಳು.
ವಿಸ್ವಾಲ್ಡಿಸ್‌ಗೆ ಸಿಹಿ, ಮಗುವಿಗೆ ಬರೀ ನೀರು.
ಸ್ಕೈದ್ರೀತೆ ತನ್ನ ಪಾಲನ್ನು
ನಾಲಿಗೆಯ ಮೇಲೆ ಬಹಳ ಹೊತ್ತು ಇಟ್ಟುಕೊಂಡಳು,
ಸುಣ್ಣ ಹುಡುಕುವವಳಂತೆ.