ಕಣ್ಣಿಗೆ ಬಿಟ್ಟ ಜಾಗ

ನವೆಂಬರಿನ ಗಾಳಿ ಬಾಗಿಲ ಗಂಟೆಯನ್ನು
ಗಿರಾಕಿ ಇಲ್ಲದೆಯೂ ಬಾರಿಸುತ್ತಿತ್ತು.
ಮೊಂಟಾನಾದ ಮೈಲ್ಸ್ ಸಿಟಿ. ಜಿಂಕೆ ಬೇಟೆಯ ಕೊನೆಯ ವಾರ,
ಕಿತ್ತಳೆ ಅಂಗಿಯವರೆಲ್ಲ ಹಳ್ಳಕೊಳ್ಳ ಇಳಿದಿದ್ದರು.
ಆಗ ಬಂದಳು ಆರ್ಡಿಸ್ ಹೋಕನ್ಸನ್,
ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದಾಕೆ.
ನಾನು ಮೂರನೇ ತರಗತಿಯಲ್ಲಿದ್ದಾಗ
ಹಿಮದಲ್ಲಿ ಇಳಿಸಿ, ಮತ್ತೆ ಕೂಗಿ ಕರೆದು
ಮರೆತ ಕೈಗವಸನ್ನು ಮುಖಕ್ಕೆ ಎಸೆದಾಕೆ.

"ಮುಂಗುರಿ ಕಾಣ್ತಿಲ್ಲ, ಹುಡುಗಾ.
ಗುರುವಾರದ ಪಂದ್ಯದಲ್ಲಿ ಕಬ್ಬಿಣದ ತಟ್ಟೆ ಕಾಣುತ್ತೆ,
ಪಿಸ್ತೂಲಿನ ಮೂಗು ಮಾತ್ರ ಉಣ್ಣೆಯುಂಡೆ.
ಕಣ್ಣಿನ ಡಾಕ್ಟರು ವಯಸ್ಸು ಅಂದ.
ಅವನಿಗೂ ಆಗಲಿ."

ಹಸಿರು ಚಾಪೆ ಹಾಸಿ ಮೂರನ್ನು ಇಟ್ಟೆ,
ಮೂರೂ ಸೆಮಿ ಆಟೊಮ್ಯಾಟಿಕ್,
ತೆರೆದು, ಖಾಲಿಯೆಂದು ತೋರಿಸಿ,
ಕಿರುಬೆರಳು ಹಾಕಿ ಮತ್ತೊಮ್ಮೆ ನೋಡಿ.
ಮೊದಲನೆಯದಕ್ಕೆ ನಾಲ್ಕು ತಗಡು,
ಯಾವ ಗಾಜಿಗೆ ಯಾವುದೆಂದು ಹುಡುಕಿ ಕೂರಿಸಬೇಕು,
ಅಟ್ಟದ ಮೇಲೆ ಅಟ್ಟ, ಸ್ಕ್ರೂ ಸಡಿಲವಾಗುವ ಭಯ ಬೇರೆ.
ಎರಡನೆಯದು ಸ್ಲೈಡಿನಲ್ಲೇ ಕೊರೆದದ್ದು,
ಗಾಜು ಆಳಕ್ಕೆ ಕೂರುತ್ತದೆ, ಆದರೆ ಒಂದೇ ಜಾತಿಯದು.
ಮದುವೆಯ ಹಾಗೆ, ಅಂದೆ.
"ನಾನು ಎರಡು ಮಾಡಿಕೊಂಡಿದ್ದೀನಿ," ಅಂದಳು.
ಮೂರನೆಯದು ಅಗ್ಗ, ಹೆಚ್ಚು ಮಾರುವಂಥದ್ದು,
ಅದರ ಬಗ್ಗೆ ಹೇಳಲು ಏನೂ ಇಲ್ಲ.

ಮೂರರ ಬೆನ್ನಿನಲ್ಲೂ, ಹಿಂಗುರಿಯ ಮುಂದೆ,
ಹೆಬ್ಬೆರಳ ಉಗುರಿನಷ್ಟು ಮುಚ್ಚಳ.
ಬಿಚ್ಚಿದರೆ ಒಳಗೊಂದು ಗುಳಿ,
ಎಣ್ಣೆ ಹೊಳೆವ ಎರಡು ತೂತು,
ಯಾರದೋ ಕಣ್ಣು ಬಂದು ಕೂರುತ್ತದೆಂದು
ಕಾರ್ಖಾನೆಯಲ್ಲೇ ಬಿಟ್ಟ ಜಾಗ.
ದಿನವೂ ಮಾರುತ್ತೇನೆ. ಅವತ್ತು ನೋಡಿದೆ ಅದನ್ನು.

ಗಾಜು ಕೂರಿಸಿಟ್ಟ ಇನ್ನೊಂದನ್ನು ಕೊಟ್ಟು
ಮೂಲೆಯ ಮರಳು ತುಂಬಿದ ಡ್ರಮ್ಮಿಗೆ ಹಿಡಿಯಿರಿ ಅಂದೆ.
ಹಿಡಿದಳು. ನಕ್ಕಳು, ಹುಡುಗಿಯ ಹಾಗೆ:
ಸಾಸಿವೆಯಷ್ಟು ಕೆಂಪು, ಗಾಳಿಯಲ್ಲಿ ತೇಲುತ್ತ,
ಕನ್ನಡಕವೂ ಬೇಡದೆ!
ಆಮೇಲೆ ನಗು ನಿಂತಿತು.
ಚುಕ್ಕಿ ನಿಲ್ಲಲಿಲ್ಲ.

ಚುಕ್ಕಿ ಪಕ್ಕದವರಿಗೆ ಕಾಣುವುದಿಲ್ಲ.
ನನಗೆ ಕಂಡದ್ದು, ಕೆಳಗಿಟ್ಟ ಮೇಲೆ
ಚಾಪೆಯ ಮೇಲೆ ಒರಗಿದ ಬಲಗೈ,
ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತ, ಉಜ್ಜುತ್ತ,
ಇಲ್ಲದ ಕಾಸು ಎಣಿಸುವ ಹಾಗೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಅಂಗೈಯ ನಡುಕಕ್ಕೆ ಬೇಕಾಯಿತು.

"ಎಲ್ಲರಿಗೂ ಹೀಗೇ ಕುಣಿಯುತ್ತಾ?"
ಎತ್ತಿ ನೋಡಿದೆ. ನನ್ನದೂ ಅಲುಗಿತು, ಉಸಿರಿನಷ್ಟು.
"ಎಲ್ಲರಿಗೂ," ಅಂದೆ.
ಸುಳ್ಳಲ್ಲ. ನಿಜವೂ ಅಷ್ಟಲ್ಲ.
ಮೂವತ್ತೊಂದು ವರ್ಷ ತಲೆಯ ಮೇಲಿನ ಕನ್ನಡಿಯಲ್ಲಿ
ಹಿಂದಿನ ಸೀಟಿನ ಮುಖಗಳನ್ನು ಓದಿದವಳು
ನನ್ನದನ್ನೂ ಓದಿದಳು.

ಏನೂ ಹೇಳದೆ ಎಡಗೈಗೆ ದಾಟಿಸಿದಳು.
ಹೊರಗೆ ಕಲ್ಲಿದ್ದಲ ರೈಲು ಹೋಗುತ್ತಿತ್ತು,
ಕೊನೆಯ ಡಬ್ಬಿ ದಾಟುವವರೆಗೂ ಹಿಡಿದೇ ಇದ್ದಳು.
"ಮ್ಯಾಗಜಿನ್ ಗುಂಡಿ ಎರಡೂ ಕಡೆ ಇರೋದು ಯಾವುದು?"

ಮತ್ತೆ ಮೊದಲಿನಿಂದ ಶುರು.
ತಗಡು, ಕೊರೆತ, ಗಾಜಿನ ಎತ್ತರ, ನನ್ನ ಪಾಂಡಿತ್ಯವೆಲ್ಲ ಬದಿಗೆ.
ಎರಡು ಕಪಾಟಿಗೆ ವಾಪಸು.
ಉಳಿದದ್ದು ಮೂರನೆಯದು,
ಹೇಳಲು ಏನೂ ಇಲ್ಲದ್ದು.

ಫಾರಂ ಬಲಗೈಯಲ್ಲೇ ತುಂಬಿದಳು.
ಅಕ್ಷರ ಇರುವೆಯಷ್ಟು,
ಸಾಲಿನ ಕೊನೆಗೆ ಇರುವೆಯ ಮರಿಯಷ್ಟು.
ಫೋನಿನಲ್ಲಿ ತಪಾಸಣೆ, ಏಳು ನಿಮಿಷ.
ಮುಂದುವರಿಯಬಹುದು, ಅಂದಿತು ಆ ಕಡೆಯ ದನಿ.

ಗಾಜು ಕೂರಿಸಿ, ತೆಗೆದ ಮುಚ್ಚಳ, ಎರಡು ಪುಟ್ಟ ಸ್ಕ್ರೂ
ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಕೊಟ್ಟೆ.
"ಇದ್ಯಾಕೆ?"
"ಮುಂದೆ ಯಾವಾಗಾದರೂ ಗಾಜು ತೆಗೆದರೆ, ಮುಚ್ಚೋಕೆ."
ಕೋಟಿನ ಬಲಗಿಸೆಗೆ ಇಳಿಬಿಟ್ಟಳು, ಕೈಯ ಸಮೇತ.
ಅವಳು ಬಾಗಿಲು ದಾಟುವವರೆಗೂ
ಒಳಗೆ ಅದು
ಸಣ್ಣಗೆ ಕಿಣಿಕಿಣಿ ಅನ್ನುತ್ತಲೇ ಇತ್ತು.