ಎರಡು ಮಡಿಕಿ

ಮೋಡಕಾ ಅಂಗಡಿಯವ ತೂಕಕ್ಕ ಹಾಕಿದ್ದ:
ಜೋಡಿಗೆ ಎರಡು ಕಿಲೋ ಎಂಟುನೂರು ಗ್ರಾಂ.
"ಮಿಲ್ಟ್ರಿ ಬೂಟು, ಒಯ್ಯಿರಿ" ಅಂದ.
ರೈಲ್ವೆ ವರ್ಕಶಾಪಿನ್ಯಾಗ ಮೂವತ್ತು ವರ್ಷ
ಬೋಲ್ಟು ಅಳದ ಕೈ ನಂದು.
ಮಿಲ್ಟ್ರೀದಲ್ಲ ಅಂತ ಕೈಗೆ ಗೊತ್ತಾತು,
ಬಾಯಿಗೆ ಗೊತ್ತಾಗಲಿಲ್ಲ. ರೊಕ್ಕಾ ಕೊಟ್ಟು ತಂದೆ.

ಹುಬ್ಬಳ್ಳ್ಯಾಗ ಬರ್ಫ ಅಂದ್ರ
ಮೀನ ಪ್ಯಾಟ್ಯಾಗ ಕಟಗಿ ಹೊಟ್ಟಿನೊಳಗ ಬೆವರೊ ಗಡ್ಡಿ.
ಗುಡ್ಡ ಅಂದ್ರ ನೃಪತುಂಗ ಬೆಟ್ಟ,
ಹುಡುಗೂರು ಚಪ್ಪಲಿ ಕೈಯಾಗ ಹಿಡಕೊಂಡು ಓಡಿ ಹತ್ತತಾವ.
ಈ ಬೂಟಿನ ತಳಕ್ಕ ನೋಡಿದ್ರ ಮೊಳಿ,
ಅಂಚಿಗುಂಟ ಕಬ್ಬಿಣದ ಹಲ್ಲು,
ಯಾವದೋ ಗುಡ್ಡ ಕಚ್ಚಿ ಬಂದ ಬಾಯಿ.

ಹುಚ್ಚೀರಪ್ಪ ಕನ್ನಡಕ ಹಣಿಮ್ಯಾಗ ಏರಿಸಿ
ಮೊದಲ ಮೂಸಿ ನೋಡಿದ.
"ಎಮ್ಮೀದಲ್ಲ, ಆಕಳ ತೊಗಲು. ಮ್ಯಾಲಿಂದೆಲ್ಲಾ ಒಂದ ತುಂಡು,
ಕೂಡಿಸಿದ ಹೊಲಿಗಿ ಒಳಮಗ್ಗಲಕ್ಕ ಒಂದ.
ಹೊರಗಿಟ್ರ ಕಲ್ಲು ತಿಂತಾವು, ಮಾಡಿದವಗ ಗೊತ್ತೈತಿ.
ನಾಲಿಗಿ ನೋಡು, ಎರಡೂ ಮಗ್ಗಲಕ್ಕ ಹೊಲದಾನ,
ನೀರು ಒಳಗ ಇಳೀಬಾರದಂತ.
ಕೆಳಗ ಉಂಗುರ, ಮ್ಯಾಲ ಕೊಂಡಿ:
ಬೆರಳು ಸೆಟದಾಗ ಕೊಂಡಿಗೆ ದಾರ ಸುತ್ತೂದು ಸಸಾರ.
ಅಟ್ಟಿ ಸುತ್ತ ಎರಡು ಸಾಲು, ಮೇಣ ಕುಡದ ನಾರು.
ಹೊಲದಾಂವ ಎಡಚ."
ಅದ್ಹೆಂಗ ಅಂದೆ. ಗಂಟು ತೋರಿಸಿದ.
ನನಗ ಗಂಟು ಕಾಣಿಸ್ತು, ಕೈ ಕಾಣಲಿಲ್ಲ.

ಮೊಳಿ ವಿಷಯಕ್ಕ ಎದುರಿನ ಮಕ್ತುಮಸಾಬ ನಾಲಬಂದ ಬಂದ.
ಐವತ್ತು ವರ್ಷ ಎತ್ತಿನ ಗೊರಸಿಗೆ ಲಾಳ ಹೊಡದಾಂವ;
ಎತ್ತು ಹೋದುವು, ಸುತ್ತಗಿ ಉಳದೈತಿ.
ಉಗುರಿಲೆ ಕೆರದ. "ಮೆತ್ತನ್ನ ಕಬ್ಬಿಣ. ಬೇಕಂತನ ಮೆತ್ತಗ.
ಗಟ್ಟಿ ಮೊಳಿ ಕಲ್ಲಿನ ಮ್ಯಾಲ ಜಾರತೈತಿ, ಮೆತ್ತಂದು ಕಚ್ಚತೈತಿ.
ಮುಂದಿನವು ಇನ್ನೂ ಅದಾವ, ಹಿಮ್ಮಡದವು ಸವದು ಸಪಾಟ.
ಹತ್ತಿದ್ದಕಿಂತ ಇಳದದ್ದು ಹೆಚ್ಚು, ಈ ಬೂಟು."
ಹತ್ತಿದಷ್ಟ ಇಳಿಯೂದಲ್ಲೇನು ಸಾಬ್ರ?
"ಬೆನ್ನಿಗೆ ಹೊರಿ ಇದ್ರ
ಇಳುವು ಉದ್ದ ಆಕ್ಕೈತಿ" ಅಂದ.

ಆವಾಗ ಹುಚ್ಚೀರಪ್ಪ ಬೂಟು ಬಿಸಲಿಗೆ ಹೊರಳಿಸಿದ.
ಬೆರಳಿನ ಬುಡಕ್ಕ ಒಂದು ಮಡಿಕಿ, ಕೂದಲದಂಗ.
ಅದರ ಹಿಂದ, ಎರಡು ಬೆರಳು ಬಿಟ್ಟು,
ಇನ್ನೊಂದು. ಆಳ. ಕರ್ರಗ.
"ಒಂದ ಬೂಟು, ಎರಡು ಕಾಲು.
ಅಳತಿ ಕೊಟ್ಟಾಂವ ಉದ್ದನ ಕಾಲಿನವ, ನಾಕು ದಿನ ತೊಟ್ಟ.
ಆಮ್ಯಾಲ ಸಣ್ಣ ಕಾಲಿಂದು ಯಾವದೋ ಜೀವ,
ಅದರ ತಿರಗಾಟನ ಇದೆಲ್ಲಾ."
ತುದಿಯೊಳಗ ಬೆರಳು ತೂರಿಸಿ ಎಳದ:
ಉಣ್ಣಿ, ಕಂಬಳಿ ಚೂರು,
ಹೆಪ್ಪುಗಟ್ಟಿ ಕಲ್ಲಾಗಿತ್ತು,
ಅದರ ಮ್ಯಾಲ ಐದು ತೆಗ್ಗು.
ಹೆಬ್ಬಟ್ಟಿಂದು ದೊಡ್ಡದು.

ಚಾ ಬಂತು. ಯಾರೂ ಎತ್ತಲಿಲ್ಲ.

ಆಮ್ಯಾಲ ಮಕ್ತುಮಸಾಬನ ತಕರಾರು:
"ಚೀಲದಾಗ ತುರುಕಿಟ್ರ ಮಡಿಕಿ ಬೀಳೂದಿಲ್ಲೇನು?"
"ಚೀಲಕ್ಕ ಬೆವರು ಬರೂದಿಲ್ಲಲ್ಲೋ ಮಾರಾಯ!"
ಇದು ಇನ್ನೂ ಮುಗದಿಲ್ಲ, ಹೋದಾಗೊಮ್ಮೆ ಕೇಳಿ ಬರತೇನಿ.

ಹೊಸಾ ಅಟ್ಟಿ ಹಾಕು ಅಂದೆ.
ರಂಪಿಗಿ ಕೆಳಗಿಟ್ಟ. "ನಿನ್ನ ಚಪ್ಪಲಿ ಕೊಡು, ಹೊಲದು ಕೊಡತೇನಿ."
ಅಗಸಿ ಎಣ್ಣಿ ತಂದಿದ್ದೆ, ಬೈದ,
ಒಣಗಿ ಸೀಳತೈತೆಂತ. ಜೇನುಮೇಣ ಕಾಸಿ,
ಔಡಲೆಣ್ಣಿ ಕೂಡಿಸಿ, ಬರೇ ಹೆಬ್ಬಟ್ಟಿಲೆ ತಿಕ್ಕಿದ.
ಮುಂದಿನ ಮಡಿಕಿಗೆ ಒಂದು ಸಲ.
ಹಿಂದಿನದಕ್ಕ ಎಷ್ಟು ಸಲ, ನಾ ಎಣಿಸಲಿಲ್ಲ.

ಹೆಸರು ಯಾರದು, ಗುಡ್ಡ ಯಾವದು,
ಇಷ್ಟು ದೂರ ಯಾಕ ಬಂತು, ಗೊತ್ತಿಲ್ಲ.
ಉದ್ದನ ಕಾಲಿನವ ಯಾವದೋ ಫೋಟೋದಾಗ
ತುದಿಮ್ಯಾಲ ನಿಂತಿರಬೇಕು.
ಫೋಟೋ ತಗದ ಮ್ಯಾಲ
ಡೇರೆ ಕಿತ್ತು ಮಡಚಿದವರು ಯಾರು?

ಉಣ್ಣೀ ಚೂರು ನಾ ಕಸದಾಗ ಚೆಲ್ಲಾಕ ಹೋಗಿದ್ದೆ.
ಹುಚ್ಚೀರಪ್ಪ ಕಸಗೊಂಡು ತಿರುಗಿ ಒಳಗಿಟ್ಟ,
ತೆಗ್ಗು ಹಿಮ್ಮಡದ ಕಡೆ ಮಾಡಿ,
ನಾಳೆ ಯಾರೋ ತೊಡಾವರು ಅದಾರ ಅನ್ನೂ ಹಂಗ.