ಒತ್ತಕ್ಷರದ ಚುಕ್ಕೆ

ಕಾರವಾರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಇಪ್ಪತ್ತಾರು ವರ್ಷದಿಂದ ಟೈಪು ಹೊಡೆಯುತ್ತೇನೆ.
ಪುಟಕ್ಕೆ ಮೂವತ್ತು. ಕಾರ್ಬನ್ ಪ್ರತಿಗೆ ಬೇರೆ.
ಯಾರ ಪರ ಎಂದು ಕೇಳುವುದಿಲ್ಲ,
ಬೆರಳಿಗೆ ಪಕ್ಷವಿಲ್ಲ.

ಸೋಮವಾರ ಬಂದವರು ಸೋತವರು.
ಹದಿನೇಳು ಮತ ಕಡಿಮೆ ಬಿದ್ದ ಚಂದ್ರಹಾಸ ಬಾಂದೇಕರ,
ಹಿಂದೆ ಕೊಡೆ ಹಿಡಿದ ವಕೀಲರು.
"ಹೊಡೀರಿ ಬಾಯಿ:
ಸದರಿ ನಗರಸಭಾ ಸದಸ್ಯ ಉಲ್ಹಾಸ ತಾಂಡೇಲ
ಪರದೇಶದ ಪ್ರಜೆ.
ಲಿಸ್ಬನ್ ಎಂಬಲ್ಲಿಯ ದಫ್ತರದಲ್ಲಿ
ಅವನ ಜನನ ದಾಖಲಾಗಿದೆ, ನಂಬರು ಇಂತಿಂಥದ್ದು.
ಎರಡು ದೇಶಕ್ಕೆ ನಿಷ್ಠೆ ಇಟ್ಟವ
ಒಂದು ವಾರ್ಡಿಗೆ ಹೇಗೆ ನಿಷ್ಠ?"
ಹೊಡೆದೆ.
ನಡುವೆ ವಕೀಲರು ಕಾಳಿ ನದಿಯನ್ನೂ ತಂದರು,
ಅಳಿವೆಯ ನೀರು, ಉಪ್ಪೂ ಅಲ್ಲ ಸಿಹಿಯೂ ಅಲ್ಲ ಅಂತೇನೋ.
ಅರ್ಜಿಯಲ್ಲಿ ಉಪಮೆ ನಡೆಯೋದಿಲ್ಲ ಸಾರ್, ಎಂದೆ.
ತೆಗೆಸಿದರು.

ಬುಧವಾರ ಉಲ್ಹಾಸನೇ ಬಂದ.
ಚಪ್ಪಲಿಗೆ ಬೈತಖೋಲದ ಕೆಸರು,
ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅವನ ತಾಯಿ:
ಅಂದರೆ ಅವಳ ಕಾಗದಗಳು.
ಲೋಲಿಯೆಯಲ್ಲಿ ಹುಟ್ಟಿದ ಮುಕ್ತಾಬಾಯಿ,
ಇಸವಿ ಹತ್ತೊಂಬತ್ತುನೂರ ನಲವತ್ತೊಂಬತ್ತು.
ಆಗ ಪೋಳೆಯ ಆಚೆ ಬೇರೆ ಸರಕಾರ,
ಬೇರೆ ನಾಣ್ಯ, ಬೇರೆ ಟೋಪಿಯ ಪೊಲೀಸ.
ಮೀನು ಮಾತ್ರ ಅದೇ.
ಗಡಿ ಅಳಿಸಿ ಏಳು ವರ್ಷಕ್ಕೆ
ಮದುವೆಯಾಗಿ ಈಚೆ ಬಂದಳು, ಬಸ್ಸಿನಲ್ಲಿ,
ಯಾರೂ ಅವಳ ಪೆಟ್ಟಿಗೆ ತೆರೆಸಲಿಲ್ಲ.

"ಮಾವಶಿಯ ಮಗ ಮಡಗಾಂವದಲ್ಲಿ
ಎಲ್ಲರ ಹೆಸರೂ ಒಟ್ಟಿಗೆ ಕೊಟ್ಟ.
ರೇಶನ್ ಕಾರ್ಡಿಗೆ ಹಾಕಿದ ಹಾಗೆ ನಾನೂ ಸಹಿ ಹಾಕಿದೆ.
ಆ ಊರು ಯಾವ ದಿಕ್ಕಿಗೆ ಅಂತಲೂ ತಿಳಿಯದು."
ಹೊಡೆದೆ.
ಅವನು ಸುಮ್ಮನಾದ. ಚೀಲದ ಗಂಟು ಹಾಕಿದ, ಬಿಚ್ಚಿದ.
"ಪೂರ್ತಿ ಖರೆ ಅಲ್ಲ ಬಾಯಿ.
ಬಲೆ ಬರಿದಾಗಿ ಬಂದ ವರ್ಷ
ನಡುರಾತ್ರಿ ಎದ್ದು ಆ ನಂಬರು ಬಾಯಿಪಾಠ ಹೇಳಿಕೊಂಡಿದ್ದೇನೆ.
ಹಿತ್ತಲ ಬಾಗಿಲು ಇದ್ದರೆ
ಅಗುಳಿ ಇದೆಯೋ ಅಂತ ಮುಟ್ಟಿ ನೋಡ್ತೇವಲ್ಲ, ಹಾಗೆ.
ಇದನ್ನ ಬರೀಬೇಡಿ."
ಬರೆಯಲಿಲ್ಲ.

ನನಗೆ ಗೊತ್ತಿರುವುದು ಇನ್ನೂ ಇದೆ.
ಕಡಲು ಒಳನುಗ್ಗಿದ ಇರುಳು ಉಲ್ಹಾಸ
ಸೊಂಟದ ಮಟ್ಟ ಚರಂಡಿಯಲ್ಲಿ ನಿಂತಿದ್ದ.
ಬಂದರಿನ ಕಡತ ಸಭೆಗೆ ಬಂದ ದಿನ
ಅವನಿಗೇ ಹೊಟ್ಟೆನೋವು;
ಅವನ ಚುನಾವಣೆಗೆ ಡೀಸೆಲ್ ಹಾಕಿಸಿದ ಟ್ರಾಲರಿನ ಧಣಿ
ಗ್ಯಾಲರಿಯಲ್ಲಿ ಶೇಂಗಾ ಸುಲಿಯುತ್ತಿದ್ದ.
ಬಾಂದೇಕರರೋ, ಏಳು ತಲೆಯಿಂದ ಇಲ್ಲಿಯವರೇ,
ಕಾಗದಪತ್ರ ಗಂಗೆಯಲ್ಲಿ ಅದ್ದಿದಷ್ಟು ಚೊಕ್ಕ.
ರಾತ್ರಿ ಮರಳು ತೆಗೆವ ದೋಣಿಗಳಿಗೆ ಅವರ ನಿಷ್ಠೆ
ಯಾವ ದಫ್ತರದಲ್ಲೂ ದಾಖಲಾಗಿಲ್ಲ,
ನಂಬರು ಬಿದ್ದಿಲ್ಲ,
ಅದಕ್ಕೆ ಕಲಮೂ ಇಲ್ಲ.

ಇವರು ಕೇಳಿದರು: ಅವ ಏನು ಹೊಡೆಸಿದ?
ಅವನೂ ಕೇಳಿದ.
ಹೇಳಲಿಲ್ಲ. ನನ್ನ ಸಂವಿಧಾನ ಇಷ್ಟೇ,
ಒಂದೇ ಕಲಮಿನದು.
ಇಬ್ಬರ ದುಡ್ಡೂ ಒಂದೇ ಡಬ್ಬಿಯಲ್ಲಿ;
ಅದರಿಂದಲೇ ಸಂಜೆ ಬಾಂಗಡೆ ಕೊಂಡೆ.

ನನ್ನ ಯಂತ್ರ ಹಳೆಯದು.
ಒತ್ತಿನ ಠ ಸವೆದಿದೆ, ಹೊಟ್ಟೆಯ ಚುಕ್ಕೆ ಬೀಳುವುದಿಲ್ಲ.
ನಿಷ್ಠೆ ಎಂದು ಹೊಡೆದಲ್ಲೆಲ್ಲ
ಒಂದು ಖಾಲಿ ಸೊನ್ನೆ ತೂಗುತ್ತದೆ.
ಹಾಳೆ ಹೊರಗೆಳೆದು, ಕನ್ನಡಕ ಹಾಕಿ,
ಒಂದೊಂದಕ್ಕೂ ಪೆನ್ನಿನಿಂದ ನಾನೇ ಚುಕ್ಕೆ ಇಡಬೇಕು:
ಬಾಂದೇಕರರ ಅರ್ಜಿಯಲ್ಲಿ ಹನ್ನೊಂದು ಕಡೆ,
ಉಲ್ಹಾಸನ ಉತ್ತರದಲ್ಲಿ ನಾಲ್ಕು.

ಇಟ್ಟೆ.
ಕಾರ್ಬನ್ ಪ್ರತಿಗಳಿಗೆ ಇಟ್ಟೆನೋ ಇಲ್ಲವೋ,
ಕರೆಂಟು ಹೋಗಿತ್ತು, ನೆನಪಾಗುತ್ತಿಲ್ಲ.